ಕೈಗೆ ಕೂರದ ಪಿಸ್ತೂಲು

ಪಿಸ್ತೂಲು ನೋಡಲು ಬಂದವರಿಗೆ ನಾನು ಹೋಗುವ ಶೂಟಿಂಗ್ ರೇಂಜಿನ ಕೋಚ್ ಹೇಳುವ ಮೊದಲ ಮಾತು: "ಕಣ್ಣು ಮುಚ್ಚಿ ಸಾರ್." ಕಣ್ಣು ಮುಚ್ಚಿಕೊಂಡೇ ಪಿಸ್ತೂಲನ್ನು ಎತ್ತಬೇಕು, ತೋಳು ಚಾಚಬೇಕು, ಅರ್ಧ ಉಸಿರು ಬಿಟ್ಟು ಆಮೇಲೆ ಕಣ್ಣು ತೆರೆಯಬೇಕು. ನಳಿಕೆಯ ತುದಿಯಲ್ಲಿರುವ ಕಡ್ಡಿ ಹಿಂದಿನ ಗಂಡಿಯ ನಟ್ಟನಡುವೆ ತಾನಾಗಿ ಬಂದು ನಿಂತಿದ್ದರೆ ಸರಿ. ಎಡಕ್ಕೋ ಬಲಕ್ಕೋ ವಾಲಿದ್ದರೆ ಇನ್ನೊಮ್ಮೆ, ಮತ್ತೊಮ್ಮೆ. ಮೂರು ಸಲವೂ ಒಂದೇ ಕಡೆ ವಾಲಿದರೆ ಅವರು ಅದನ್ನು ಮೆಲ್ಲಗೆ ಇಸಿದುಕೊಂಡು ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ಎರಡು ವರ್ಷಗಳಲ್ಲಿ ನನ್ನ ಕೈಯಿಂದ ಹೀಗೆ ನಾಲ್ಕು ಪಿಸ್ತೂಲುಗಳು ಪೆಟ್ಟಿಗೆಗೆ ವಾಪಸಾಗಿವೆ.

ಸಿನಿಮಾದ ಪಿಸ್ತೂಲನ್ನು ನೆನಪಿಸಿಕೊಳ್ಳಬೇಡಿ. ಇದು 10 ಮೀಟರ್ ಏರ್ ಪಿಸ್ತೂಲು. ಮದ್ದಿಲ್ಲ, ಹೊಗೆಯಿಲ್ಲ, ಢಂ ಎನ್ನುವ ಸದ್ದೂ ಇಲ್ಲ. ನಳಿಕೆಯ ಕೆಳಗೆ ಜೋಡಿಸಿದ ಸಿಲಿಂಡರ್‌ನಲ್ಲಿ ಒತ್ತಿ ತುಂಬಿದ ಗಾಳಿಯೇ 4.5 ಮಿಲಿಮೀಟರ್‌ನ ಸೀಸದ ಪೆಲೆಟ್ಟನ್ನು ದೂಡುತ್ತದೆ. ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. 75 ನಿಮಿಷದಲ್ಲಿ 60 ಸಲ ಅದಕ್ಕೆ ಹೊಡೆಯಬೇಕು, ಅದೂ ಒಂದೇ ಕೈಯಲ್ಲಿ. ಪಿಸ್ತೂಲು ಒಂದೂವರೆ ಕಿಲೋ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನಾದರೂ ತಡೆಯಬೇಕು, ಇಡೀ ಪಿಸ್ತೂಲು 420 ಮಿಲಿಮೀಟರ್ ಉದ್ದ, 200 ಎತ್ತರ, 50 ಅಗಲದ ಪೆಟ್ಟಿಗೆಯೊಳಗೆ ಹಿಡಿಸಬೇಕು. ಪಂದ್ಯಕ್ಕೆ ಮುಂಚೆ ಇದನ್ನೆಲ್ಲ ಅಳೆದು ನೋಡಿಯೇ ಒಳಗೆ ಬಿಡುವುದು.

ಕೇಳಲು ಸುಲಭ. ಈ ಅಳತೆಯೊಳಗೇ ಯುರೋಪಿನ ಬೆರಳೆಣಿಕೆಯ ಊರುಗಳು ಜಗತ್ತಿನ ಶೂಟರ್‌ಗಳ ಕೈಯನ್ನು ಹಂಚಿಕೊಂಡಿವೆ. ಜರ್ಮನಿಯ ಓಬರ್ನ್‌ಡಾರ್ಫಿನ ಫೈನ್‌ವೆರ್ಕ್‌ಬೌ, ಉಲ್ಮ್‌ನ ವಾಲ್ಟರ್, ಆಸ್ಟ್ರಿಯಾದ ಸ್ಟೈಯರ್, ಇಟಲಿಯ ಪಾರ್ದಿನಿ, ಸ್ವಿಟ್ಜರ್ಲೆಂಡಿನ ಬೆದಾನೊ ಎಂಬ ಪುಟ್ಟ ಊರಿನ ಮೊರೀನಿ. ಇವುಗಳಲ್ಲಿ ಕೆಟ್ಟ ಪಿಸ್ತೂಲು ಅಂತ ಒಂದೂ ಇಲ್ಲ. ಕಾರ್ಖಾನೆಯಲ್ಲಿ ಬಿಗಿಯಾಗಿ ಕಟ್ಟಿ ಹೊಡೆದರೆ ಎಲ್ಲವೂ ಹೆಚ್ಚು ಕಡಿಮೆ ಒಂದೇ ತೂತಿಗೆ ಹೊಡೆಯುತ್ತವೆ. ಆದ್ದರಿಂದ "ಯಾವುದು ಒಳ್ಳೆಯದು?" ಎಂದು ಕೇಳಿದವರಿಗೆ ರೇಂಜಿನಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಯಾವುದನ್ನು ನೋಡಿದಿರಿ, ಯಾಕೆ ಬಿಟ್ಟಿರಿ ಎಂದು ಕೇಳಿ ನೋಡಿ. ಚಹಾ ಆರುವವರೆಗೂ ಮಾತು ಮುಗಿಯುವುದಿಲ್ಲ.

ಹೆಚ್ಚಿನವು ಬಿಟ್ಟುಹೋಗುವುದು ಹಿಡಿಯ ದೆಸೆಯಿಂದ. ಸ್ಪರ್ಧೆಯ ಪಿಸ್ತೂಲಿನ ಹಿಡಿ ಮರದ್ದು, ಹೆಚ್ಚಾಗಿ ಅಕ್ರೋಟು ಮರ. ಅಂಗೈಯ ಉಬ್ಬು, ಹೆಬ್ಬೆರಳು ಮಲಗುವ ತಾಣ, ಕೈಯ ಅಡಿಗೆ ಆನಿಕೆ ಕೊಡುವ ಹಲಗೆ, ಎಲ್ಲವನ್ನೂ ಅದರಲ್ಲಿ ಕೆತ್ತಿರುತ್ತಾರೆ. ಚೆಸಾರೆ ಮೊರೀನಿ ಮೊದಲು ಹೆಸರು ಮಾಡಿದ್ದೇ ಇಂಥ ಹಿಡಿಗಳಿಂದ, ಪಿಸ್ತೂಲು ಆಮೇಲೆ ಬಂತು. ಎಡಗೈ, ಬಲಗೈಗೆ ಬೇರೆ ಬೇರೆ, ಚಪ್ಪಲಿಯ ಹಾಗೆ ಸಣ್ಣದು, ಮಧ್ಯಮ, ದೊಡ್ಡದು ಎಂಬ ಅಳತೆಗಳು ಬೇರೆ. ಹಾಗಿದ್ದೂ ಕಾರ್ಖಾನೆಯಿಂದ ಬಂದ ಹಿಡಿ ಹಾಗೇ ಒಪ್ಪುವ ಕೈ ಅಪರೂಪ. ಕೊಂಡವರು ಅರ ತೆಗೆದುಕೊಂಡು ಉಜ್ಜಲು ಕೂರುತ್ತಾರೆ, ಸವೆದದ್ದು ಹೆಚ್ಚಾದರೆ ಪುಟ್ಟಿ ಮೆತ್ತುತ್ತಾರೆ, ಮತ್ತೆ ಉಜ್ಜುತ್ತಾರೆ. ಒಂದೂಕಾಲು ಲಕ್ಷ ಕೊಟ್ಟು ತಂದ ಪಿಸ್ತೂಲಿಗೆ ಬಡಗಿಯ ಅರ ಹಾಕುವುದನ್ನು ಮೊದಲ ಸಲ ನೋಡಿದಾಗ ನನ್ನ ಹೊಟ್ಟೆಯೊಳಗೆ ಕಲಸಿದಂತಾಯಿತು. ಹಳೆಯ ಶೂಟರ್‌ಗಳ ಹಿಡಿಗಳಂತೂ ನೋಡಲು ಕುರೂಪ, ಮೆತ್ತಿದ್ದು ಒಂದು ಬಣ್ಣ, ಮರ ಒಂದು ಬಣ್ಣ. ಅವನ್ನು ಬೇರೆ ಯಾರೂ ಹಿಡಿಯಲು ಆಗುವುದಿಲ್ಲ. ನಾನು ಬಿಟ್ಟ ನಾಲ್ಕರಲ್ಲಿ ಎರಡು ಅಂಥವು. ಒಳ್ಳೆಯ ಬೆಲೆಗೆ ಸಿಗುತ್ತಿದ್ದವು, ಆದರೆ ಅವುಗಳಲ್ಲಿ ಇನ್ನೊಬ್ಬರ ಕೈ ಕೂತಿತ್ತು.

ಮೂರನೆಯದನ್ನು ಬಿಟ್ಟದ್ದು ಟ್ರಿಗರ್ ಕಾರಣಕ್ಕೆ. ಏರ್ ಪಿಸ್ತೂಲಿನಲ್ಲಿ ಎರಡು ಪಂಥ. ಒಂದು ಯಾಂತ್ರಿಕ ಟ್ರಿಗರ್, ಸ್ಪ್ರಿಂಗು ಕೊಂಡಿಗಳದ್ದು. ಇನ್ನೊಂದು ಬ್ಯಾಟರಿಯ ಎಲೆಕ್ಟ್ರಾನಿಕ್ ಟ್ರಿಗರ್. ಎರಡನೆಯದು ಗಾಜು ಮುರಿದ ಹಾಗೆ ಸ್ವಚ್ಛವಾಗಿ ಬಿಡುತ್ತದೆ, ಪೆಲೆಟ್ ಇಲ್ಲದೆ ಬರಿದೇ ಅಭ್ಯಾಸ ಮಾಡುವುದಕ್ಕೂ ಬಹಳ ಅನುಕೂಲ. ಆದರೆ 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆದದ್ದನ್ನು ರೇಂಜುಗಳು ಮರೆತಿಲ್ಲ. ಅರ್ಹತಾ ಸುತ್ತಿನ ನಡುವೆ ಭಾರತದ ಶೂಟರ್ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟು, ದುರಸ್ತಿಗೆ ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಬಂತು, ಎರಡೇ ಅಂಕದಲ್ಲಿ ಫೈನಲ್ ತಪ್ಪಿತು. ಆಮೇಲೆ ತುಂಬ ದಿನ ತಂದೆತಾಯಂದಿರು ಬಂದು "ಬ್ಯಾಟರಿದು ಬೇಡ" ಅನ್ನುತ್ತಿದ್ದರಂತೆ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ ಸ್ಪರ್ಧೆಯಲ್ಲಿ ಆಕೆ ಕಂಚು ಗೆದ್ದರು. ಒಲಿಂಪಿಕ್ಸ್ ಶೂಟಿಂಗಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳಿಗೆ ಸಿಕ್ಕ ಮೊದಲ ಪದಕ ಅದು. ನಾನು ಬ್ಯಾಟರಿಯದನ್ನು ಬಿಟ್ಟದ್ದು ಹೆದರಿ ಅಲ್ಲ, ನನ್ನ ಬೆರಳು ಅಷ್ಟು ಸೂಕ್ಷ್ಮಕ್ಕೆ ಇನ್ನೂ ಪಳಗಿಲ್ಲ ಎಂದು. ಹಾಗಂತ ನಾನೇ ಹೇಳಿಕೊಳ್ಳುತ್ತೇನೆ, ಕೋಚ್ ನಗುತ್ತಾರೆ.

ನಾಲ್ಕನೆಯದು ಭಾರವಾಯಿತು. ಅಷ್ಟೇ.

ಕೆಲವು ಪಿಸ್ತೂಲುಗಳನ್ನು ಕೈಯಲ್ಲ, ನಿಯಮ ಬಿಡಿಸುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ವರೆಗೆ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಗೆಂದೇ .22 ಶಾರ್ಟ್ ಎಂಬ ಮೆತ್ತನೆಯ ತೋಟೆಯ ಪಿಸ್ತೂಲುಗಳಿದ್ದವು. 2005ರಿಂದ ಅವುಗಳ ಜಾಗಕ್ಕೆ .22 ಲಾಂಗ್ ರೈಫಲ್ ತೋಟೆಯದು, ಒಂದು ಕಿಲೋ ಟ್ರಿಗರಿನದು ಬರಬೇಕೆಂದಾಯಿತು. ರಾತ್ರಿ ಬೆಳಗಾಗುವುದರೊಳಗೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಚೆನ್ನಾಗಿಯೇ ಹೊಡೆಯುತ್ತಿದ್ದ ಪಿಸ್ತೂಲನ್ನು ಪುಕ್ಕಟೆ ಕೊಟ್ಟರೂ ಸ್ಪರ್ಧಿಗೆ ಬೇಡವಾಯಿತು.

50 ಮೀಟರ್ ಪಿಸ್ತೂಲಿನದು ಇನ್ನೂ ಬೇಸರದ ಕತೆ. ಮಣಿಕಟ್ಟಿನವರೆಗೂ ಕೈಯನ್ನು ಗವಸಿನಂತೆ ಸುತ್ತಿಕೊಳ್ಳುವ ಮರದ ಹಿಡಿ, ಉಸಿರು ತಾಗಿದರೂ ಬಿಡುವಷ್ಟು ಹಗುರ ಟ್ರಿಗರ್. ಪಿಸ್ತೂಲು ಕುಶಲಕಲೆಯ ತುತ್ತತುದಿ ಅದು ಎಂದು ನನ್ನ ಎಣಿಕೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್‌ನಲ್ಲಿ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರಲ್ಲಿ ರಿಯೊಗೆ ಹೋದದ್ದು ಈ 50 ಮೀಟರ್ ಸ್ಪರ್ಧೆಗೆ. ಒಲಿಂಪಿಕ್ಸ್‌ನಲ್ಲಿ ಅದರ ಕೊನೆಯ ಸಲವೂ ಅದೇ. ಟೋಕಿಯೊ ಹೊತ್ತಿಗೆ ಅದನ್ನು ತೆಗೆದು ಗಂಡು ಹೆಣ್ಣು ಜೋಡಿಯಾಗಿ ಆಡುವ ಮಿಶ್ರ ತಂಡದ ಏರ್ ಪಿಸ್ತೂಲು ಸ್ಪರ್ಧೆ ತಂದರು. ಈಗ ಹೊಸ ಹುಡುಗರು ಆ ಪಿಸ್ತೂಲನ್ನು ಹಿಡಿದು ನೋಡಿ, ವಾಹ್ ಎಂದು, ಕೆಳಗಿಟ್ಟು ಹೋಗುತ್ತಾರೆ.

ಮನೆಯಲ್ಲಿ ಮಗನೋ ಮಗಳೋ ಹಠ ಹಿಡಿದಿದ್ದರೆ ಒಂದೆರಡು ಮಾತು. 20 ಜೂಲ್ ಮೀರದ ಶಕ್ತಿಯ, 4.5 ಮಿಲಿಮೀಟರ್‌ನ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲಿನದು ಆರು ಜೂಲ್ ಆಸುಪಾಸು. .22ಕ್ಕೆ ಹೋದರೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಬೇಡ ಎಂದಮಾತ್ರಕ್ಕೆ ಅದು ಆಟಿಕೆಯಲ್ಲ, ಕಣ್ಣು ಹೋಗುತ್ತದೆ. ಮೊದಲ ಆರು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಲಿ. ಮಕ್ಕಳ ಅಂಗೈ ಇನ್ನೂ ಬೆಳೆಯುತ್ತಿರುತ್ತದೆ, ಇವತ್ತು ಕೂತ ಹಿಡಿ ಬರುವ ಯುಗಾದಿಗೆ ಬಿಗಿಯಾಗುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಹೊಳಪಿಗೆ ಮರುಳಾಗದೆ ಗಾಳಿಯ ಸಿಲಿಂಡರನ್ನು ತಿರುಗಿಸಿ ನೋಡಿ. ಅದರ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. ಅದರ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ, ಅವಧಿ ಮುಗಿದ ಸಿಲಿಂಡರ್ ಇಟ್ಟುಕೊಂಡು ಪಂದ್ಯಕ್ಕೆ ಇಳಿಯುವಂತಿಲ್ಲ.