ಪ್ರೊಫೆಸರ್ ಬೋರ್ಕ್ ಬರೆದಿಟ್ಟದ್ದು

ಇಂಗ್ಲಿಷ್ ನಿಘಂಟುಗಳಲ್ಲಿ ‘ಬೋರ್ಕ್’ ಎಂಬ ಕ್ರಿಯಾಪದವೊಂದಿದೆ. ದೊಡ್ಡ ಹುದ್ದೆಗೆ ಹೆಸರಿಸಲಾದ ವ್ಯಕ್ತಿಯ ಮೇಲೆ ಟೀಕೆಗಳ ಸುರಿಮಳೆಗರೆದು ನೇಮಕವನ್ನೇ ತಡೆಯುವುದು ಎಂದು ಅದರ ಅರ್ಥ. ಬದುಕಿದ್ದಾಗಲೇ ತಮ್ಮ ಹೆಸರು ಹೀಗೆ ಕ್ರಿಯಾಪದವಾದದ್ದನ್ನು ಕಂಡವರು ಅಮೆರಿಕದ ಸಂಪ್ರದಾಯವಾದಿ ಕಾನೂನು ಪಂಡಿತ ರಾಬರ್ಟ್ ಬೋರ್ಕ್ (1927–2012).

ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವಾಗ ಆರನ್ ಡೈರೆಕ್ಟರ್ ಎಂಬ ಅರ್ಥಶಾಸ್ತ್ರಜ್ಞರ ಪಾಠಗಳು ಬೋರ್ಕ್ ಅವರನ್ನು ಮುಕ್ತ ಮಾರುಕಟ್ಟೆಯ ಕಡೆಗೆ ತಿರುಗಿಸಿದವು. 1953ರಲ್ಲಿ ಪದವಿ, ಕೆಲಕಾಲ ವಕೀಲಿಕೆ, 1962ರಿಂದ ಯೇಲ್ ಕಾನೂನು ಕಾಲೇಜಿನಲ್ಲಿ ಅಧ್ಯಾಪನ. ಉದಾರವಾದಿಗಳೇ ಹೆಚ್ಚಿದ್ದ ಆ ಕಾಲೇಜಿನಲ್ಲಿ ಅವರದು ಅಪರೂಪದ ದನಿ. ಬರೆಯುವಾಗ ಮುಲಾಜು ಇಟ್ಟುಕೊಂಡವರಲ್ಲ. ಕರಿಯರಿಗೂ ಸೇವೆ ಒದಗಿಸಬೇಕೆಂದು ಹೋಟೆಲು, ಅಂಗಡಿಗಳನ್ನು ಕಾನೂನಿನಿಂದ ಕಟ್ಟಿಹಾಕುವುದು ಸಲ್ಲದೆಂದು 1963ರಲ್ಲಿ ವಾದಿಸಿದರು. ಸಂವಿಧಾನ ರಕ್ಷಿಸುವುದು ರಾಜಕೀಯ ಮಾತನ್ನಷ್ಟೇ, ಸಾಹಿತ್ಯವನ್ನಲ್ಲ ಎಂದು 1971ರಲ್ಲಿ ಬರೆದರು. ಮುಂದೆ ಈ ಎರಡು ನಿಲುವುಗಳಿಂದಲೂ ಹಿಂದೆ ಸರಿದರು. ಆದರೆ ಅಚ್ಚಾದದ್ದು ಅಳಿಸಿಹೋಗುವುದುಂಟೆ?

1973ರಲ್ಲಿ ಅಧ್ಯಕ್ಷ ನಿಕ್ಸನ್ ಅವರನ್ನು ಸಾಲಿಸಿಟರ್ ಜನರಲ್ ಮಾಡಿದರು. ಅದೇ ಅಕ್ಟೋಬರ್ 20, ಶನಿವಾರ. ವಾಟರ್‌ಗೇಟ್ ಹಗರಣದ ತನಿಖೆ ನಡೆಸುತ್ತಿದ್ದ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ವಜಾ ಮಾಡುವಂತೆ ನಿಕ್ಸನ್ ಆಜ್ಞಾಪಿಸಿದರು. ಅಟಾರ್ನಿ ಜನರಲ್ ರಿಚರ್ಡ್‌ಸನ್ ಒಪ್ಪದೆ ರಾಜೀನಾಮೆ ಕೊಟ್ಟರು. ಎರಡನೆಯ ಸ್ಥಾನದಲ್ಲಿದ್ದ ರಕಲ್ಸ್‌ಹೌಸ್ ಕೂಡ ನಿರಾಕರಿಸಿ ಹೊರನಡೆದರು. ಮೂರನೆಯವರಾಗಿದ್ದ ಬೋರ್ಕ್ ಸಹಿ ಹಾಕಿದರು. ಇಲಾಖೆ ನಡೆಸಲು ಯಾರಾದರೂ ಉಳಿಯಬೇಕಿತ್ತು ಎಂಬುದು ಅವರ ಸಮಜಾಯಿಷಿ.

ಆಮೇಲೆ ಮತ್ತೆ ಯೇಲ್‌ನಲ್ಲಿ ಪಾಠ. 1978ರಲ್ಲಿ ಏಕಸ್ವಾಮ್ಯ ವಿರೋಧಿ ಕಾಯ್ದೆ ಕುರಿತ ಅವರ ಗ್ರಂಥ ಹೊರಬಂತು. ಅದರ ಪ್ರಭಾವ ಇಂದಿಗೂ ಅಲ್ಲಿನ ನ್ಯಾಯಾಲಯಗಳಲ್ಲಿ ಕಾಣುತ್ತದೆ. 1982ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾದರು. ಇನ್ನು ಉಳಿದದ್ದು ಒಂದೇ ಮೆಟ್ಟಿಲು. 1987ರ ಜುಲೈನಲ್ಲಿ ಅಧ್ಯಕ್ಷ ರೇಗನ್ ಸುಪ್ರೀಂ ಕೋರ್ಟಿಗೆ ಅವರ ಹೆಸರು ಸೂಚಿಸಿದರು.

ನಮ್ಮಲ್ಲಿ ನ್ಯಾಯಮೂರ್ತಿಗಳ ನೇಮಕಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಸೆನೆಟ್ ಬಹಿರಂಗ ವಿಚಾರಣೆ ನಡೆಸಿ ಮತಕ್ಕೆ ಹಾಕುತ್ತದೆ. ಬೋರ್ಕ್‌ರಂತೆಯೇ ಪ್ರಾಧ್ಯಾಪಕರಾಗಿದ್ದ, ಅವರಷ್ಟೇ ಸಂಪ್ರದಾಯವಾದಿಯಾದ ಆಂಟೊನಿನ್ ಸ್ಕಾಲಿಯಾ 1986ರಲ್ಲಿ 98–0 ಮತಗಳಿಂದ ಗೆದ್ದಿದ್ದರು. ಒಂದೇ ವರ್ಷದಲ್ಲಿ ಗಾಳಿ ಬದಲಾಗಿತ್ತು. ಸೆನೆಟ್ ಡೆಮಾಕ್ರಟಿಕ್ ಪಕ್ಷದ ವಶವಾಗಿತ್ತು. ಅಲ್ಲದೆ ತೆರವಾಗಿದ್ದುದು ಎಡಕ್ಕೂ ಬಲಕ್ಕೂ ವಾಲುತ್ತಿದ್ದ ಪೊವೆಲ್ ಅವರ ಸ್ಥಾನ; ಗರ್ಭಪಾತದ ಹಕ್ಕು ಉಳಿಯುವುದೋ ಹೋಗುವುದೋ ಎಂಬುದು ಅಲ್ಲಿ ಬರುವವರನ್ನು ಅವಲಂಬಿಸಿತ್ತು.

ಹೆಸರು ಪ್ರಕಟವಾದ ಒಂದು ಗಂಟೆಯೊಳಗೆ ಸೆನೆಟರ್ ಎಡ್ವರ್ಡ್ ಕೆನಡಿ ಮಾಡಿದ ಭಾಷಣದಲ್ಲಿ ಉತ್ಪ್ರೇಕ್ಷೆ ಧಾರಾಳವಾಗಿತ್ತು. ಆದರೆ ವಿಚಾರಣೆಯಲ್ಲಿ ಬೋರ್ಕ್ ಮುಂದೆ ಬಿಚ್ಚಿಟ್ಟದ್ದು ಅವರದೇ ಹಳೆಯ ಲೇಖನಗಳನ್ನು. ಐದು ದಿನ ಅವರು ತರಗತಿಯಲ್ಲಿ ಪಾಠ ಹೇಳುವಂತೆ ಉತ್ತರಿಸಿದರು, ಟಿ.ವಿ. ನೋಡುತ್ತಿದ್ದ ಜನಕ್ಕೆ ಅದು ಹಿಡಿಸಲಿಲ್ಲ. ಅಕ್ಟೋಬರ್ 23ರಂದು 58–42 ಮತಗಳಿಂದ ಸೋತರು. ವಿರೋಧಿಸಿದವರಲ್ಲಿ ರೇಗನ್ ಪಕ್ಷದ ಆರು ಮಂದಿಯೂ ಇದ್ದರು.

ಆ ಸ್ಥಾನಕ್ಕೆ ಕೊನೆಗೆ ಬಂದವರು ಆಂಟನಿ ಕೆನಡಿ. 1992ರಲ್ಲಿ ಗರ್ಭಪಾತದ ಹಕ್ಕನ್ನು ಉಳಿಸಿದ ತೀರ್ಪಿನಲ್ಲಿ ಅವರ ಮತವಿತ್ತು. ಆ ಹಕ್ಕು ರದ್ದಾದದ್ದು 2022ರಲ್ಲಿ, ಅವರು ನಿವೃತ್ತರಾಗಿ ನಾಲ್ಕು ವರ್ಷಗಳ ಮೇಲೆ.