ಗೋಲಿಗೂ ಮೊದಲಿನ ಗಳಿಗೆ

ಕಾಲ್ಚೆಂಡಾಟದ ಅಂತಿಮ ಪಂದ್ಯವೊಂದರಲ್ಲಿ ತಮ್ಮ ತಂಡವೇ ಗೆಲ್ಲುವುದೆಂಬುದು ಅಭಿಮಾನಿಗಳಿಗೆ ಯಾವ ಗಳಿಗೆಯಲ್ಲಿ ತಿಳಿಯುತ್ತದೆ? ಈ ಪ್ರಶ್ನೆಯನ್ನು ನಮ್ಮ ಮುಂದೆ ಮೊದಲು ಇಟ್ಟವರು ಕ್ರೀಡಾಪಂಡಿತರಲ್ಲ, ನಮ್ಮ ಹೋಟೆಲಿನ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದ ಭಟ್ಟರು. ಪತ್ರಿಕೆಯ ಮೇಜಿಗೆ ಬರುವ ಮುಂಚೆ ನಾವು ಅಂಧೇರಿಯಲ್ಲಿ ಹೋಟೆಲು ನಡೆಸಿಕೊಂಡಿದ್ದುದನ್ನು ಬಲ್ಲ ವಾಚಕರು ಅನೇಕರಿದ್ದಾರೆ. ಅವರಲ್ಲಿ ಕೆಲವರು ಅಲ್ಲಿಯ ಗೋಡೆಯ ಮೇಲಿನ ಟೆಲಿವಿಷನ್ನಿನ ಕೆಳಗೆ ಕುಳಿತು, ಒಂದು ಕಟಿಂಗ್ ಚಹಾದಲ್ಲಿ ಎರಡು ಗಂಟೆ ಕಳೆದವರೂ ಹೌದು. ಅವರ ಮೇಲೆ ನಮಗೆ ಆಗ ಇದ್ದ ಸಿಟ್ಟು ಈಗ ಉಳಿದಿಲ್ಲ.

ಭಟ್ಟರು ಹೇಳುತ್ತಿದ್ದುದು ಇಷ್ಟೆ: “ಗೋಲು ಬಿದ್ದ ಮೇಲೆ ಗೆದ್ದೆವು ಎನ್ನುವುದಕ್ಕೆ ಕಣ್ಣಿದ್ದರೆ ಸಾಕು. ಅದಕ್ಕೂ ಮುಂಚೆ ಒಂದು ಗಳಿಗೆ ಬರುತ್ತದಲ್ಲ, ಅದು ಎಲ್ಲಿಂದ ಬರುತ್ತದೆ ಹೇಳಿ.”

ಅಂಥ ಗಳಿಗೆಯೊಂದು ನಮ್ಮನ್ನು ಮೋಸಗೊಳಿಸಿದ ಕಥೆಯನ್ನೇ ಮೊದಲು ಹೇಳಬೇಕು. ೨೦೧೮ನೆಯ ಇಸವಿಯ ಮಾರ್ಚ್ ೧೭ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವು ಜರುಗಿತು. ಬೆಂಗಳೂರು ಎಫ್.ಸಿ. ತಂಡವು ಆ ಲೀಗಿಗೆ ಸೇರಿದ ಮೊದಲ ವರ್ಷವದು. ಹದಿನೆಂಟು ಪಂದ್ಯಗಳಲ್ಲಿ ೪೦ ಅಂಕ ಗಳಿಸಿ, ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕಿಂತ ೮ ಅಂಕಗಳಷ್ಟು ಮುಂದಿದ್ದ ತಂಡ. ಕಾದಾಟ ಅದೇ ಚೆನ್ನೈಯಿನ್ನೊಡನೆ, ಅದೂ ಸ್ವಂತ ನೆಲದಲ್ಲಿ. ಒಂಬತ್ತನೆಯ ನಿಮಿಷದಲ್ಲಿ ನಾಯಕ ಸುನಿಲ್ ಛೆಟ್ರಿಯವರು ಮುಂದಕ್ಕೆ ಹಾರಿ ತಲೆಯಿಂದ ಹೊಡೆದ ಚೆಂಡು ಬಲೆಯೊಳಗೆ ಬಿದ್ದಿತು. ನಮ್ಮ ಹುಡುಗರು “ಆಯಿತು!” ಎಂದು ಒಕ್ಕೊರಲಿನಿಂದ ಕೂಗಿದರು. ನಾವೂ ಗಲ್ಲಾದ ಮೇಲಿಂದಲೇ, ಎಲ್ಲರಿಗೂ ಶಿರಾ ಮಾಡಿರೆಂದು ಅಡುಗೆಮನೆಗೆ ಹೇಳಿ ಕಳುಹಿಸಿದೆವು. ರವೆ ಹುರಿದು ಮುಗಿಯುವುದರೊಳಗೆ ಚೆನ್ನೈಯಿನ್ನಿನ ಮೈಲ್ಸನ್ ಆಲ್ವೆಸ್, ಕಾರ್ನರ್ ಒದೆತಕ್ಕೆ ತಲೆಯೊಡ್ಡಿ ಸಮ ಮಾಡಿದರು. ಮೊದಲರ್ಧ ಮುಗಿಯುವ ಹೊತ್ತಿಗೆ ಅದೇ ಆಟಗಾರ, ಅದೇ ಬಗೆಯ ಕಾರ್ನರ್, ಅದೇ ತಲೆ. ೬೭ನೆಯ ನಿಮಿಷದಲ್ಲಿ ರಫೇಲ್ ಆಗಸ್ಟೊ ಮೂರನೆಯದನ್ನು ಹೊಡೆದರು. ತೊಂಬತ್ತು ನಿಮಿಷಗಳು ಕಳೆದ ಮೇಲೆ ಬೆಂಗಳೂರಿನ ಮೀಕು ಒಂದನ್ನು ತೀರಿಸಿದರಾದರೂ ಆಗ ಹೊತ್ತು ಮೀರಿತ್ತು. ಮೂರಕ್ಕೆ ಎರಡರಿಂದ ಸೋಲು. ಆ ಶಿರಾವನ್ನು ಮರುದಿನ ಬೆಳಿಗ್ಗೆ ಏನು ಮಾಡಿದೆವೆಂಬುದನ್ನು ಹೋಟೆಲು ಕಸುಬಿನವರಿಗೆ ಹೇಳಬೇಕಾದುದಿಲ್ಲ.

ನಮ್ಮದು ಒಂದು ಬಾಣಲೆ ಶಿರಾದ ನಷ್ಟ. ಬ್ರೆಜಿಲಿನವರು ೧೯೫೦ರ ಜುಲೈ ೧೬ರಂದು ಇದಕ್ಕಿಂತ ದೊಡ್ಡ ಬೆಲೆ ತೆತ್ತಿದ್ದರು. ವಿಶ್ವಕಪ್ಪಿನ ಆ ನಿರ್ಣಾಯಕ ಪಂದ್ಯದಲ್ಲಿ ಅವರಿಗೆ ಉರುಗ್ವೆಯೊಡನೆ ಸಮವಾದರೂ ಸಾಕಿತ್ತು. ರಿಯೋ ನಗರದ ಪತ್ರಿಕೆಯೊಂದು ಆಟಕ್ಕೆ ಮೊದಲೇ ತಮ್ಮವರನ್ನು ಜಗಜ್ಜೇತರೆಂದು ಅಚ್ಚು ಹಾಕಿತ್ತು. ಮರಕಾನಾ ಕ್ರೀಡಾಂಗಣದಲ್ಲಿ ಸುಮಾರು ಎರಡು ಲಕ್ಷ ಜನ. ಎರಡನೆಯ ಅರ್ಧದ ಆರಂಭದಲ್ಲೇ ಫ್ರಿಯಾಸಾ ಗೋಲು ಹೊಡೆದಾಗ ಆ ಜನಸ್ತೋಮದಲ್ಲಿ ಸಂದೇಹವಿದ್ದವನು ಒಬ್ಬನಾದರೂ ಇದ್ದನೋ ಇಲ್ಲವೋ. ಮುಂದೆ ಸ್ಕಿಯಾಫಿನೊ ಸಮ ಮಾಡಿದರು, ೭೯ನೆಯ ನಿಮಿಷದಲ್ಲಿ ಘಿಗ್ಗಿಯಾ ಗೆಲುವಿನ ಗೋಲು ಹೊಡೆದರು, ಎರಡು ಲಕ್ಷ ಜನ ಮೌನವಾದರು. ಪತ್ರಿಕೆ ನಡೆಸುವ ನಾವು ಆ ರಿಯೋ ಸಂಪಾದಕರನ್ನು ನೆನೆದಾಗಲೆಲ್ಲ, ಫಲಿತಾಂಶ ಬರುವ ಮುಂಚೆ ತಲೆಬರಹ ಕಟ್ಟಬಾರದೆಂದು ನಮ್ಮ ಕಂಪೋಜಿನವರಿಗೆ ಮತ್ತೊಮ್ಮೆ ಹೇಳುತ್ತೇವೆ.

ಹಾಗಾದರೆ ಮುಂದಿದ್ದೇವೆಂಬ ಭಾವನೆ ಬೇರೆ, ಗೆಲ್ಲುವೆವೆಂಬ ಅರಿವು ಬೇರೆ. ಮೊದಲನೆಯದನ್ನು ಅಂಕಪಟ್ಟಿ ಕೊಡುತ್ತದೆ. ಎರಡನೆಯದು ಅಂಕಪಟ್ಟಿಯಲ್ಲಿ ಏನೂ ಇಲ್ಲದಿರುವಾಗಲೂ ಬರಬಹುದು.

೨೦೦೫ರ ಮೇ ೨೫ರಂದು ಇಸ್ತಾಂಬುಲಿನಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯ ನಡೆದಾಗ ಇಂಗ್ಲೆಂಡಿನ ಲಿವರ್‌ಪೂಲ್ ತಂಡವು ಅರ್ಧ ಆಟದ ವೇಳೆಗೆ ಇಟಲಿಯ ಮಿಲಾನ್ ತಂಡಕ್ಕೆ ಮೂರು ಗೋಲುಗಳಿಂದ ಹಿಂದೆ ಬಿದ್ದಿತ್ತು. ಅವರ ಅಭಿಮಾನಿಗಳು ವಿರಾಮದಲ್ಲಿ ತಮ್ಮ ಹಾಡನ್ನು ಹಾಡಿದರೆಂಬುದು ಪ್ರಸಿದ್ಧವಾದ ಸಂಗತಿ. ಬಳಿಕ ಆರೇ ನಿಮಿಷಗಳಲ್ಲಿ ಜೆರಾರ್ಡ್, ಸ್ಮಿಟ್ಸರ್, ಅಲೊನ್ಸೊ ಮೂವರೂ ಗೋಲು ಹೊಡೆದು ಮೂರಕ್ಕೆ ಮೂರಾಯಿತು. ಆದರೆ ನಮ್ಮ ಅಭಿಪ್ರಾಯದಲ್ಲಿ ಅರಿವಿನ ಗಳಿಗೆ ಆ ಆರು ನಿಮಿಷಗಳಲ್ಲಿ ಇರಲಿಲ್ಲ. ಅದು ಬಂದುದು ಹೆಚ್ಚುವರಿ ಆಟದ ಕೊನೆಗೆ. ಮಿಲಾನಿನ ಶೆವ್‌ಚೆಂಕೊ ತಲೆಯಿಂದ ಹೊಡೆದುದನ್ನು ಗೋಲ್‌ಕೀಪರ್ ಡುಡೆಕ್ ತಡೆದರು. ಚೆಂಡು ಮತ್ತೆ ಶೆವ್‌ಚೆಂಕೊ ಅವರ ಕಾಲಿಗೇ ಬಂದಿತು. ಕೈಯಳತೆಯಷ್ಟು ದೂರದಿಂದ ಅವರು ಒದ್ದದ್ದನ್ನೂ ಡುಡೆಕ್ ಕೈ ಚಾಚಿ ಮೇಲಕ್ಕೆ ಹಾರಿಸಿಬಿಟ್ಟರು. ಅದು ಗೋಲಾಗದಿದ್ದ ಮೇಲೆ ಆ ದಿನ ಇನ್ನು ಯಾವುದೂ ಆಗದು ಎಂಬುದು ನೋಡುತ್ತಿದ್ದವರಿಗೆಲ್ಲ ಹೊಳೆದಿರಬೇಕು. ಪೆನಾಲ್ಟಿ ಒದೆತಗಳಲ್ಲಿ ಕೊನೆಯದನ್ನು ಒದೆಯಲು ಬಂದವರು ಅದೇ ಶೆವ್‌ಚೆಂಕೊ, ತಡೆದವರು ಅದೇ ಡುಡೆಕ್.

ಇನ್ನು ನಮ್ಮ ಮನೆಯಂಗಳದ ಸಂಗತಿ. ೨೦೧೯ರಲ್ಲಿ ಬೆಂಗಳೂರು ತಂಡವು ಮತ್ತೆ ಅಂತಿಮ ಪಂದ್ಯಕ್ಕೆ ಬಂದಿತು. ದಿನ ಅದೇ ಮಾರ್ಚ್ ೧೭. ಎದುರಾಳಿ ಗೋವಾ. ಪಂದ್ಯ ನಡೆದುದು ನಮ್ಮ ಅಂಧೇರಿಯ ಕ್ರೀಡಾಂಗಣದಲ್ಲಿಯೇ. ವಾರ ಭಾನುವಾರ.

ಬೈಂದೂರು ಕಡೆಯಿಂದ ಬಂದು ನಮ್ಮಲ್ಲಿ ನಾಲ್ಕು ವರ್ಷ ಸಪ್ಲೈಯರ್ ಆಗಿದ್ದ ಹುಡುಗನೊಬ್ಬ ತನ್ನ ಸಂಬಳದಿಂದ ಟಿಕೇಟು ಕೊಂಡಿದ್ದ. ಶುಕ್ರವಾರ ಗಲ್ಲಾದ ಹತ್ತಿರ ಬಂದು, “ಅಣ್ಣಾ, ಭಾನುವಾರ ಸಂಜೆ ಒಂದು ರಜೆ ಬೇಕಿತ್ತು” ಎಂದು ಕೇಳಿದ. ಇಬ್ಬರು ಸಪ್ಲೈಯರುಗಳು ಊರ ಜಾತ್ರೆಗೆ ಹೋಗಿದ್ದರು. ಭಾನುವಾರ ರಾತ್ರಿಯೆಂದರೆ ಸಂಸಾರಸಹಿತರಾಗಿ ಬರುವ ಗಿರಾಕಿಗಳು ಬಾಗಿಲ ಹೊರಗೆ ನಿಲ್ಲುವ ದಿನ. ಆಗದು ಎಂದೆವು. ಅವನು ಎರಡನೆಯ ಸಲ ಕೇಳಲಿಲ್ಲ. ಎರಡನೆಯ ಸಲ ಕೇಳಿದ್ದರೆ ಕೊಡುತ್ತಿದ್ದೆವೆಂದು ಆಮೇಲೆ ನಾವು ಅನೇಕರ ಮುಂದೆ ಹೇಳಿಕೊಂಡಿದ್ದೇವೆ. ಅದು ನಿಜವಲ್ಲ.

ಆ ದಿನ ಮಧ್ಯಾಹ್ನದಿಂದಲೇ ನೀಲಿ ಅಂಗಿಯವರು ಗುಂಪುಗುಂಪಾಗಿ ಬಂದು ನಮ್ಮಲ್ಲಿ ತಿಂಡಿ ತಿಂದು ಹೋದರು. ಕಂಠೀರವದ ಪಡುವಣ ಕಟ್ಟೆಯಲ್ಲಿ ಕುಳಿತು ಕೂಗುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗದವರಂತೆ. ಮುಂಬಯಿಯಲ್ಲಿ ತಮ್ಮ ಭಾಷೆ ಕೇಳಿ ಅವರಿಗಾದ ಸಂತೋಷವನ್ನು ಏನು ಹೇಳೋಣ! ಅವರಿಗೆ ನೀರು ಕೊಟ್ಟು, ಬಿಲ್ಲು ಕೊಟ್ಟು, ಕ್ರೀಡಾಂಗಣದ ದಾರಿ ತೋರಿಸಿ ಕಳುಹಿಸಿದವನು ಅದೇ ಹುಡುಗ.

ತೊಂಬತ್ತು ನಿಮಿಷ ಆಡಿದರೂ ಗೋಲು ಬೀಳಲಿಲ್ಲ. ಹಿಂದಿನ ವರ್ಷದ ಪಾಠದಿಂದ ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ಶಿರಾದ ಹೆಸರೆತ್ತಿದವನಿಗೆ ಭಟ್ಟರು ಸೌಟು ತೋರಿಸಿದರು. ಹದಿನೈದು ಹದಿನೈದು ನಿಮಿಷಗಳ ಹೆಚ್ಚುವರಿ ಆಟ ಮೊದಲಾಯಿತು. ಅದರ ಮೊದಲ ಭಾಗ ಮುಗಿಯುವ ವೇಳೆಗೆ ಗೋವಾ ತಂಡದ ನಡುವಿನ ಕಂಬದಂತಿದ್ದ ಅಹಮದ್ ಜಾಹೂ ಎರಡನೆಯ ಹಳದಿ ಕಾರ್ಡು ಪಡೆದು ಹೊರನಡೆಯಬೇಕಾಯಿತು. ಹುಡುಗರು ಕುಣಿದರು. ಭಟ್ಟರು ಕುಣಿಯಲಿಲ್ಲ. ಅಡುಗೆಮನೆಯ ಬಾಗಿಲಿಗೊರಗಿ ಇನ್ನೂ ನಾಲ್ಕೈದು ನಿಮಿಷ ನೋಡಿದರು. ಅನಂತರ “ಇನ್ನು ಆಯಿತು” ಎಂದು ಮೆಲ್ಲಗೆ ಅಂದು, ಒಳಗೆ ಹೋಗಿ ಬಾಣಲೆಗೆ ರವೆ ಸುರಿದರು.

ಆಗ ಗೋಲಿಲ್ಲ, ಕಾರ್ನರಿಲ್ಲ, ಏನೂ ಇಲ್ಲ. ಏಕೆ ಹಾಗೆಂದಿರಿ ಎಂದು ಆಮೇಲೆ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನಮಗೆ ಇಂದಿಗೂ ನೆನಪಿದೆ. “ಹನ್ನೊಂದು ಜನರ ಕೆಲಸವನ್ನು ಹತ್ತು ಜನ ಮಾಡಬೇಕಾದಾಗ ಎಲ್ಲಿ ಕೆಡುತ್ತದೆ, ನಮಗೆ ಗೊತ್ತಿಲ್ಲವೇ? ಓಡಾಟದಲ್ಲಿ ಕೆಡುವುದಿಲ್ಲ, ಓಡಾಟ ಇನ್ನೂ ಜಾಸ್ತಿಯೇ ಆಗುತ್ತದೆ. ಯಾವ ಮೇಜು ಯಾರದು ಎನ್ನುವ ಲೆಕ್ಕ ತಪ್ಪುತ್ತದೆ. ನೀನು ನೋಡಿಕೊಳ್ಳುತ್ತೀ ಎಂದು ಇವನು, ನೀನು ನೋಡಿಕೊಳ್ಳುತ್ತೀ ಎಂದು ಅವನು. ಎಲ್ಲರೂ ಓಡುತ್ತಿರುತ್ತಾರೆ, ಒಂದು ಮೇಜಿಗೆ ಮಾತ್ರ ನೀರೇ ಹೋಗಿರುವುದಿಲ್ಲ.” ಇಬ್ಬರು ಸಪ್ಲೈಯರುಗಳು ಕಡಿಮೆಯಿದ್ದ ಆ ರಾತ್ರಿ ನಮ್ಮ ಕಣ್ಣೆದುರಿಗೇ ಅದು ನಡೆಯುತ್ತಿತ್ತಷ್ಟೆ.

೧೧೭ನೆಯ ನಿಮಿಷ. ಡಿಮಾಸ್ ಡೆಲ್ಗಾಡೊ ಅವರ ಕಾರ್ನರ್ ಒದೆತ ಗೋಲಿನ ಮುಂದೆ ಬಂದು ಇಳಿದಾಗ ರಾಹುಲ್ ಭೇಕೆ ಅದಕ್ಕೆ ತಲೆಗೊಟ್ಟರು. ಒಂದಕ್ಕೆ ಸೊನ್ನೆ. ಹಿಂದಿನ ವರ್ಷ ಯಾವ ಕಾರ್ನರಿನಿಂದ ಕಪ್ಪು ಕೈ ತಪ್ಪಿತ್ತೋ ಆ ವರ್ಷ ಅದೇ ಕಾರ್ನರಿನಿಂದ ಕೈ ಸೇರಿತು. ಇನ್ನೊಂದು ಸ್ವಾರಸ್ಯವೆಂದರೆ ಭೇಕೆಯವರು ಹುಟ್ಟಿದುದು ಮುಂಬಯಿಯಲ್ಲಿ. ಬೆಂಗಳೂರಿಗೆ ಕಪ್ಪು ಗೆದ್ದುಕೊಟ್ಟವನು ಮುಂಬಯಿಯ ಮಗ, ಮುಂಬಯಿಯಲ್ಲಿ ಅದಕ್ಕಾಗಿ ಎದೆ ಬಡಿದುಕೊಂಡವರು ಕನ್ನಡನಾಡಿನ ಮಕ್ಕಳು. ಗಲ್ಲಾದ ಎದುರಿನ ಮೇಜಿನಲ್ಲಿ ಒಬ್ಬರೇ ಕುಳಿತಿದ್ದ ಗೋವೆಯ ಗಿರಾಕಿಯೊಬ್ಬರು ಬಿಲ್ಲಿನ ಹಣವಿಟ್ಟು ನಮಗೆ ಕೈಮುಗಿದು ಎದ್ದುಹೋದರು. ಅವರಿಗೂ ಶಿರಾ ಕೊಡಬೇಕಿತ್ತು. ಹೊಳೆಯಲಿಲ್ಲ.

ಗೋಲು ಬಿದ್ದಾಗ ನಮ್ಮ ಹುಡುಗ ಹೋಟೆಲಿನಲ್ಲಿರಲಿಲ್ಲ. ಹಿಂದಿನ ಗಲ್ಲಿಯ ಕಟ್ಟಡವೊಂದರ ಮೂರನೆಯ ಮಾಳಿಗೆಗೆ ಪಾರ್ಸೆಲ್ ಕೊಡಲು ಹೋಗಿದ್ದ. ಇಳಿದು ಬರುವಾಗ ಮೆಟ್ಟಿಲಿನಲ್ಲಿ ನಮ್ಮವರ ಕೂಗು ಕೇಳಿಸಿತಂತೆ. ಆಟ ಕಾಣದೆ ಬರಿಯ ಗುರುತಿನಿಂದ ಗೆಲುವನ್ನು ತಿಳಿದವರ ಸಾಲಿಗೆ ಅವನೂ ಸೇರಿದ. ಆ ಸಾಲು ನಮ್ಮ ದೇಶದಲ್ಲಿ ಹಳೆಯದು. ೧೯೧೧ರ ಜುಲೈ ೨೯ರಂದು ಕಲಕತ್ತೆಯಲ್ಲಿ ಮೋಹನ್ ಬಾಗಾನ್ ತಂಡವು ಐ.ಎಫ್.ಎ. ಶೀಲ್ಡಿನ ಅಂತಿಮ ಪಂದ್ಯದಲ್ಲಿ ಈಸ್ಟ್ ಯಾರ್ಕ್‌ಷೈರ್ ಪಟಾಲಮಿನ ಗೋರಾ ಸೋಲ್ಜರರೊಡನೆ ಆಡಿದಾಗ ಮೈದಾನದ ಸುತ್ತ ನೆರೆದ ಸಾವಿರಾರು ಜನರಿಗೆ ಚೆಂಡೇ ಕಾಣುತ್ತಿರಲಿಲ್ಲ. ಎಷ್ಟಕ್ಕೆ ಎಷ್ಟು ಎಂಬುದನ್ನು ಗಾಳಿಪಟಗಳ ಮೇಲೆ ಬರೆದು ಹಾರಿಸುತ್ತಿದ್ದರು. ಒಬ್ಬರ ಹೊರತು ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿದ ತಂಡ ನಮ್ಮದು. ಮೊದಲ ಗೋಲು ಬಿಳಿಯರದು. ಬಳಿಕ ಶಿಬದಾಸ್ ಭಾದುರಿಯವರು ಸಮ ಮಾಡಿದರು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಅಭಿಲಾಷ್ ಘೋಷರು ಗೆಲುವಿನ ಗೋಲು ಹೊಡೆದರು. ದೂರದಲ್ಲಿ ಕತ್ತೆತ್ತಿ ನಿಂತವರಿಗೆ ಒಂದು ಗಾಳಿಪಟ ಇಳಿದು ಇನ್ನೊಂದು ಏರುವ ನಡುವಿನ ಹೊತ್ತು ಹೇಗಿದ್ದಿತೋ! ಮೈದಾನದೊಳಗಿನ ಕೂಗು ಅವರ ಕಿವಿಗೆ ಮೊದಲೇ ಬಿದ್ದಿರುತ್ತದೆ, ಆದರೆ ಕೂಗು ಯಾರದೆಂಬುದನ್ನು ಮಾತ್ರ ಪಟವೇ ಹೇಳಬೇಕು.

ಹುಡುಗ ಬಂದು, ನಿಂತುಕೊಂಡೇ ಶಿರಾ ತಿಂದ. ಟಿಕೇಟಿನ ಹಣವನ್ನು ನಾವು ಕೊಡಹೋದೆವು. “ಬೇಡ ಅಣ್ಣಾ, ಟಿಕೇಟು ನನ್ನ ಹತ್ತಿರವೇ ಇರಲಿ” ಎಂದ.

ಎರಡು ವರ್ಷಗಳ ಮೇಲೆ ಅವನು ಸೌದಿ ಅರೇಬಿಯಾಕ್ಕೆ ಹೋದ, ರಿಯಾದ್ ಪಟ್ಟಣದ ಒಂದು ಹೋಟೆಲಿಗೆ. ೨೦೨೩ರಲ್ಲಿ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯವನ್ನು ಅದೇ ರಿಯಾದಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಇಟ್ಟರು. ಮಾರ್ಚ್ ೪ರಂದು ಕರ್ನಾಟಕವೂ ಮೇಘಾಲಯವೂ ಎದುರಾದವು. ನಮ್ಮ ರಾಜ್ಯವು ಆ ಟ್ರೋಫಿಯನ್ನು ಹಿಂದೆ ಗೆದ್ದುದು ಮೈಸೂರು ಎಂಬ ಹೆಸರಿದ್ದಾಗ, ೧೯೬೮-೬೯ರಲ್ಲಿ. ಐವತ್ತನಾಲ್ಕು ವರ್ಷಗಳ ಅಂತರ. ಅರ್ಧ ಆಟಕ್ಕೆ ಕರ್ನಾಟಕ ಮೂರು, ಮೇಘಾಲಯ ಒಂದು. ಎರಡನೆಯ ಅರ್ಧದಲ್ಲಿ ಮೇಘಾಲಯ ಇನ್ನೊಂದನ್ನು ತೀರಿಸಿತು. ಮೂರಕ್ಕೆ ಎರಡರಲ್ಲಿಯೇ ಆಟ ಮುಗಿಯಿತು.

ಆ ರಾತ್ರಿ ಅವನು ನಮಗೆ ಫೋನು ಮಾಡಿದ. ಹಿಂದಿನಿಂದ ಗದ್ದಲ ಕೇಳುತ್ತಿತ್ತು. “ಒಳಗೇ ಇದ್ದೆ ಅಣ್ಣಾ, ಈ ಸಲ ಒಳಗೇ ಇದ್ದೆ” ಎಂದ. ಗೆಲ್ಲುತ್ತೇವೆಂದು ಯಾವಾಗ ತಿಳಿಯಿತೆಂದು ನಾವು ಕೇಳಿದೆವು. ಭಟ್ಟರಿಗೆ ಹೇಳಬೇಕಲ್ಲ!

“ತಿಳಿಯಲೇ ಇಲ್ಲ ಅಣ್ಣಾ. ಸೀಟಿ ಊದುವವರೆಗೂ ಕೈಕಾಲು ನಡುಗುತ್ತಿತ್ತು. ಇಲ್ಲಿ ಕೂತರೆ ಏನೂ ತಿಳಿಯುವುದಿಲ್ಲ.”

ರಜೆ ಸಿಕ್ಕಿತೇ ಎಂದು ಕೇಳಿದೆವು. ಕೇಳಿದ ಕೂಡಲೇ ಕೊಟ್ಟರು ಎಂದ.