ನೌಕರನ ದಫ್ತರವು ಯಾರ ಸ್ವತ್ತು?

ನೌಕರನು ಕೆಲಸಕ್ಕೆ ಸೇರಿದ ದಿನ, ಅವನ ವೇತನ, ರಜೆ, ವರ್ಗಾವಣೆ, ಮೇಲಧಿಕಾರಿಯು ಕೇಳಿದ ಸಮಜಾಯಿಷಿ, ಕೊಟ್ಟ ಛೀಮಾರಿ ಇವೆಲ್ಲವೂ ಕಚೇರಿಯ ಸೇವಾ ಪುಸ್ತಕದಲ್ಲಿಯೂ ಕಡತಗಳಲ್ಲಿಯೂ ದಾಖಲಾಗಿರುತ್ತವೆ. ಬರೆಯುವವನು ಧಣಿ, ಬರೆಯಿಸಿಕೊಳ್ಳುವವನು ನೌಕರ. ಆ ದಫ್ತರವನ್ನು ಮೂರನೆಯವನ ಕೈಗೆ ಕೊಡುವಾಗ ಯಾರ ಅನುಮತಿಯನ್ನು ಪಡೆಯಬೇಕೆಂಬುದು ಈಗ ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಬೈಂದೂರು ಸೀಮೆಯ ಬಿಜೂರಿನಂತಹ ಊರಿನಲ್ಲಿ ಈ ಪ್ರಶ್ನೆಗಿರುವ ತೂಕವು ಬೆಂಗಳೂರಿನಲ್ಲಿಲ್ಲ. ಮಹಾನಗರದಲ್ಲಿ ಗುಮಾಸ್ತನೊಬ್ಬನಿಗೆ ಮೆಮೊ ಬಂದರೆ ಪಕ್ಕದ ಮನೆಯವನಿಗೂ ತಿಳಿಯದು. ಇಲ್ಲಿಯಾದರೋ ಸಂಜೆಯೊಳಗೆ ಆ ಸುದ್ದಿ ರೈಲು ನಿಲ್ದಾಣದಿಂದ ಹೆದ್ದಾರಿಯ ತನಕ ಹರಡುವುದು. ಮಗಳ ಮದುವೆಯ ಮಾತುಕತೆಯಲ್ಲಿಯೂ ತಲೆಯೆತ್ತುವುದು. ಅವನ ಉತ್ತರವು ಒಪ್ಪಿಗೆಯಾಗಿ ಕಡತವು ಮುಗಿಯಿತೆಂದು ಮಾತ್ರ ಯಾರೂ ಡಂಗುರ ಸಾರುವುದಿಲ್ಲ.

ಈ ವಿಷಯದ ಮುಖ್ಯ ವ್ಯಾಜ್ಯವೊಂದು ನಮ್ಮ ಕರಾವಳಿಯಲ್ಲಿಯೇ ಹುಟ್ಟಿದ ಸಂಸ್ಥೆಗೆ ಸಂಬಂಧಿಸಿದ್ದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕಿನ ಗುಮಾಸ್ತರೊಬ್ಬರು, ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿದ್ದವರು, 2006ರ ಆಗಸ್ಟ್ 1ರಂದು ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಅರ್ಜಿ ಹಾಕಿದರು. 2002ರ ಆರಂಭದಿಂದ 2006ರ ಜುಲೈ ಕೊನೆಯವರೆಗೆ ಬ್ಯಾಂಕಿನ ಎಲ್ಲ ಶಾಖೆಗಳ ಗುಮಾಸ್ತವರ್ಗದ ನೇಮಕ, ಬಡ್ತಿ, ವರ್ಗಾವಣೆ ಮೊದಲಾದ 15 ಬಾಬುಗಳ ವಿವರವನ್ನು ಕೇಳಿದರು. ಬ್ಯಾಂಕು ನಿರಾಕರಿಸಿತು. ಕೇಂದ್ರ ಮಾಹಿತಿ ಆಯೋಗವು ಕೊಡಬೇಕೆಂದಿತು. ಕೇರಳ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. 2017ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಆ ತೀರ್ಪುಗಳನ್ನು ರದ್ದುಮಾಡಿ, ಇವು ನೌಕರರ ವೈಯಕ್ತಿಕ ವಿವರಗಳು, ಸಾರ್ವಜನಿಕ ಹಿತವೇನೆಂಬುದು ಸ್ಥಾಪಿತವಾಗಿಲ್ಲ ಎಂದು ನಿರ್ಣಯಿಸಿತು. ಒಂದು ಅರ್ಜಿಗೆ ಹನ್ನೊಂದು ವರ್ಷ! ಅದಕ್ಕೆ ಕೇವಲ ಒಂದು ವಾರದ ಹಿಂದೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತ್ತು.

ಇಂತಹ ನಿಲುವು ಹೊಸದೇನೂ ಅಲ್ಲ. 2012ರಲ್ಲಿಯೇ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಅಧಿಕಾರಿಯ ಮೆಮೊ, ಆಸ್ತಿ, ಮಗನ ಮದುವೆಯಲ್ಲಿ ಬಂದ ಉಡುಗೊರೆಗಳ ವಿವರವನ್ನು ಕೇಳಿದವರಿಗೆ, ವಿಶಾಲ ಸಾರ್ವಜನಿಕ ಹಿತವನ್ನು ತೋರಿಸದ ಹೊರತು ಕೊಡಲಾಗದೆಂದು ಹೇಳಿತ್ತು.

ಗುಮಾಸ್ತನ ಮಾನವನ್ನು ಕಾಯುವ ಈ ತೀರ್ಪುಗಳನ್ನು ನಾವು ಸ್ವಾಗತಿಸುತ್ತೇವೆ. ಆದರೆ ದಾವೆಯಲ್ಲಿ ಒಂದು ಕಡೆ ಕಚೇರಿ, ಇನ್ನೊಂದು ಕಡೆ ಅರ್ಜಿದಾರ ಇರುವಾಗ, ಯಾರ ದಫ್ತರಕ್ಕಾಗಿ ಹೋರಾಟವೋ ಆ ನೌಕರನೆಲ್ಲಿ? ಧಣಿಯೇ ನೌಕರನ ಮಾನದ ವಕೀಲನಾಗಿ ನಿಂತಾಗ ಆ ವಕೀಲನಿಗೆ ಸ್ವಂತ ಹಿತವೂ ಇರಬಹುದು. ವರ್ಗಾವಣೆಯಲ್ಲಿ ಪಕ್ಷಪಾತವಾಯಿತೆಂದು ಕೊರಗುವವನು ಹೋಲಿಕೆಗಾಗಿ ಪರರ ವರ್ಗಾವಣೆಗಳನ್ನಲ್ಲದೆ ಮತ್ತೇನನ್ನು ನೋಡಬೇಕು? ಹೆಸರುಗಳನ್ನು ತೆಗೆದು ಅಂಕಿಗಳನ್ನು ಕೊಡುವ ಮಧ್ಯಮಾರ್ಗಕ್ಕೆ ಕಾಯಿದೆಯ 10ನೆಯ ವಿಧಿಯಲ್ಲಿಯೇ ಅವಕಾಶವಿದೆ. ಕಚೇರಿಗಳಿಗೆ ಅದು ಜ್ಞಾಪಕಕ್ಕೆ ಬರುವುದು ಅಪರೂಪ.

ಈ ನಡುವೆ ಕಾಯಿದೆಯ ಮಾತೇ ಬದಲಾಗಿದೆ. ಮೊದಲು ಸಾರ್ವಜನಿಕ ಕಾರ್ಯಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನುಚಿತವಾಗಿ ಧಕ್ಕೆ ತರುವ ವಿವರವನ್ನಷ್ಟೇ ತಡೆಯಬಹುದಾಗಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯ ಮೂಲಕ ಮಾಡಿದ ತಿದ್ದುಪಡಿಯು 2025ರ ನವೆಂಬರಿನಲ್ಲಿ ಜಾರಿಗೆ ಬಂದು, ವೈಯಕ್ತಿಕ ಮಾಹಿತಿ ಎಂಬ ಎರಡೇ ಶಬ್ದಗಳ ಬೇಲಿಯನ್ನು ನಿಲ್ಲಿಸಿದೆ. ಸಾರ್ವಜನಿಕ ಹಿತವು ಹೆಚ್ಚಿನದಾದರೆ ಕೊಡಬಹುದೆಂಬ 8(2)ನೆಯ ಉಪವಿಧಿಯು ಉಳಿದಿದೆಯೆಂಬುದು ನಿಜ. ಆದರೆ ಆ ತೂಕದ ತಕ್ಕಡಿಯು ಕಚೇರಿಯ ಕೈಯಲ್ಲಿದೆ. ಬಡ ಗುಮಾಸ್ತನಿಗೆಂದು ಹೊಲಿದ ಕವಚವನ್ನು ಲಂಚಗುಳಿ ಮೇಲಧಿಕಾರಿಯು ತೊಟ್ಟುಕೊಳ್ಳುವ ಭಯವು ನಿರಾಧಾರವಾದುದಲ್ಲ.

ನೌಕರನನ್ನೇ ಕೇಳುವ ದಾರಿಯೊಂದು 11ನೆಯ ವಿಧಿಯಲ್ಲಿದೆ. ಅವನು ಗೌಪ್ಯವೆಂದಿಟ್ಟ ವಿವರವನ್ನು ಕೊಡಬೇಕೆಂದಾಗ ಅರ್ಜಿ ಬಂದ ಐದು ದಿನಗಳೊಳಗೆ ಅವನಿಗೆ ಲಿಖಿತ ಸೂಚನೆ ಹೋಗಬೇಕು. ಉತ್ತರಕ್ಕೆ ಹತ್ತು ದಿನಗಳ ಅವಕಾಶವಿರಬೇಕು. ಕೊಡುವಾಗಲಷ್ಟೇ ಅಲ್ಲ, ನಿರಾಕರಿಸುವಾಗಲೂ ಅವನನ್ನು ಕೇಳುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ನನ್ನ ವರ್ಗಾವಣೆಯ ವಿವರವನ್ನು ಧಾರಾಳವಾಗಿ ಕೊಡಿರಿ ಎನ್ನುವ ನೌಕರರೂ ಇರುವರು.

ಇದೆಲ್ಲವೂ ಸರಕಾರದ ಮತ್ತು ಸರಕಾರಿ ಬ್ಯಾಂಕುಗಳ ನೌಕರರ ಮಾತಾಯಿತು. ಕುಂದಾಪುರ, ಬೈಂದೂರು ಕಡೆಯಿಂದ ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಗೆ ದುಡಿಯಹೋದ ತರುಣರ ಗತಿಯೇನು? ಖಾಸಗಿ ಧಣಿಗೆ ಮಾಹಿತಿ ಹಕ್ಕಿನ ಕಾಯಿದೆಯು ನೇರವಾಗಿ ತಟ್ಟದು. ಹೊಸ ಕಾಯಿದೆಯ ಮುಖ್ಯ ವಿಧಿಗಳು ಜಾರಿಗೆ ಬರಲು 2027ರ ಮೇ ತಿಂಗಳನ್ನು ಗೊತ್ತುಮಾಡಿದ್ದಾರೆ. ಅದರಲ್ಲಿಯೂ ಉದ್ಯೋಗದ ಉದ್ದೇಶಕ್ಕಾಗಿ ನೌಕರನ ಸಮ್ಮತಿಯಿಲ್ಲದೆ ವಿವರವನ್ನು ಬಳಸಲು 7ನೆಯ ವಿಧಿಯು ಧಣಿಗೆ ಅವಕಾಶ ಕೊಟ್ಟಿದೆ. ಮೇಲಾಗಿ ಗಣಕಯಂತ್ರಕ್ಕೆ ಏರಿದ ವಿವರಕ್ಕಷ್ಟೇ ಆ ಕಾಯಿದೆಯು ಅನ್ವಯಿಸುವುದು. ಗಲ್ಲಾಪೆಟ್ಟಿಗೆಯ ಬಳಿಯ ಪುಸ್ತಕದಲ್ಲಿ ಮಾಣಿಯ ಹೆಸರಿನ ಮುಂದೆ ಬರೆದಿಟ್ಟ ಮಾತನ್ನು ಪಕ್ಕದ ಹೋಟೆಲಿನ ಧಣಿಗೆ ಓದಿ ಹೇಳಿದರೆ, ಆ ಮಾಣಿಗೆ ಕೆಲಸವೇಕೆ ಸಿಗಲಿಲ್ಲವೆಂಬುದನ್ನು ಅವನಿಗೆ ತಿಳಿಸಬೇಕೆನ್ನುವ ಒಂದು ಸಾಲೂ ಅದರಲ್ಲಿಲ್ಲ.